ವಿಂಗರ್ ಮುಬೀನನ ತುಲಾಭಾರ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಗೇಣಗಲದ ಗಾಜಿನ ತೂಕದ ಯಂತ್ರ. ಗೋವಾದ ಫುಟ್‌ಬಾಲ್ ಕ್ಲಬ್ಬಿನವರು ತಮ್ಮ ಆಟಗಾರರಿಗೆಲ್ಲ ಅದನ್ನು ಒಂದೊಂದು ಕೊಟ್ಟು, ರಜೆಗೆ ಊರಿಗೆ ಹೋದರೂ ದಿನಾ ಬೆಳಿಗ್ಗೆ ಅದರ ಮೇಲೆ ನಿಲ್ಲಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ತಿಕೋಟಾದ ಮುಬೀನ ಹದಿನೆಂಟು ದಿನ ಅದನ್ನು ಅಮ್ಮನ ಟ್ರಂಕಿನ ಹಿಂದೆ ಅಡಗಿಸಿಟ್ಟು ಸುಖವಾಗಿದ್ದ. ಹತ್ತೊಂಬತ್ತನೆಯ ದಿನ, ಅಂದರೆ ಹೊರಡುವ ದಿನ ಬೆಳಿಗ್ಗೆ, ಧೈರ್ಯ ಮಾಡಿ ಹೊರಗೆಳೆದು ಮೇಲೆ ನಿಂತ. ಅರವತ್ತೇಳು ಕಿಲೋ ನಾನೂರು ಗ್ರಾಂ ತೋರಿಸಿತು. ಉಸಿರು ಹಿಡಿದು ನಿಂತ, ಒಂಟಿ ಕಾಲಿನ ಮೇಲೂ ನಿಂತು ನೋಡಿದ. ಯಂತ್ರ ತನ್ನ ಮಾತು ಬದಲಿಸಲಿಲ್ಲ.

ಮುಬೀನ ಎಡಬದಿಯ ವಿಂಗರ್. ಅಂದರೆ ಮೈದಾನದ ಎಡ ಅಂಚಿನ ಗೆರೆ ಹಿಡಿದು ಗಾಳಿಯಂತೆ ಓಡಿ, ತಡೆಯಲು ಬಂದವನನ್ನು ಪಕ್ಕಕ್ಕೆ ಹಾಕಿ, ಚೆಂಡನ್ನು ಗೋಲಿನ ಮುಂದೆ ತಂದುಕೊಡುವ ಕೆಲಸ. ಈ ವಿದ್ಯೆ ಅವನಿಗೆ ದ್ರಾಕ್ಷಿ ತೋಟದಲ್ಲೇ ಬಂದಿತ್ತು. ಅಪ್ಪ ಪೀರಸಾಬ ತೋಟಗಳಲ್ಲಿ ಬಳ್ಳಿಗೆ ತಂತಿ ಕಟ್ಟುವಾಗ ಮಗ ಸಾಲಿನ ನಡುವೆ ಚೆಂಡು ಒದೆಯುತ್ತ ಓಡುತ್ತಿದ್ದ. ಒಂದು ಎಲೆ ಉದುರಿದರೂ ತೋಟದವರ ಬೈಗುಳ ತಪ್ಪುತ್ತಿರಲಿಲ್ಲವಾದ್ದರಿಂದ ಯಾರಿಗೂ ಏನಕ್ಕೂ ತಾಗದೆ ತಿರುಗುವುದನ್ನು ಕಲಿತುಬಿಟ್ಟ. ಅಲ್ಲಿಂದ ವಿಜಯಪುರದ ಮೈದಾನ, ಆಮೇಲೆ ಬೆಳಗಾವಿ, ಈಗ ಗೋವಾ. ಆದರೆ ಹೋದ ವರ್ಷವೆಲ್ಲ ಗೋವಾದಲ್ಲಿ ಅವನು ಬೆಂಚು ಕಾಯ್ದದ್ದೇ ಹೆಚ್ಚು. ಈ ಸಲ ಭಾನುವಾರದ ಮೊದಲ ಪಂದ್ಯಕ್ಕೆ ಹನ್ನೊಂದನೇ ನಂಬರಿನ ಅಂಗಿ ನಿನಗೇ ಎಂದು ಟ್ರೇನರ್ ಮಾತು ಕೊಟ್ಟಿದ್ದ. ಷರತ್ತು ಒಂದೇ, ನಾಳೆ ಬೆಳಿಗ್ಗೆ ಕ್ಲಬ್ಬಿನ ಕಾಟಾದ ಮೇಲೆ ಅರವತ್ತೈದು ಕಿಲೋ ದಾಟಿರಬಾರದು. ದಾಟಿದರೆ ಮತ್ತೆ ಬೆಂಚು.

ಎರಡು ಕಿಲೋ ನಾನೂರು ಗ್ರಾಂ ಎಲ್ಲಿಂದ ಬಂತು ಎಂದು ಅವನು ಯೋಚಿಸಬೇಕಾಗಿರಲಿಲ್ಲ. ಅದನ್ನು ತಂದವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಫುಟ್‌ಬಾಲಿನವರು ಮಗನಿಗೆ ಅನ್ನ ಹಾಕುವುದಿಲ್ಲ, ಹಾಕಿದ್ದರೆ ಕೆನ್ನೆ ಹೀಗೆ ಒಳಗೆ ಹೋಗುತ್ತಿರಲಿಲ್ಲ ಎಂಬುದು ಅಮ್ಮ ಆಶಾಬಿಯ ಅಚಲ ನಂಬಿಕೆ. ಹದಿನೆಂಟು ದಿನ ಶೇಂಗಾ ಹೋಳಿಗೆ, ಎಣ್ಣೆಗಾಯಿ, ಮಟನ್ ಸಾರು ಸರದಿಯ ಮೇಲೆ ಬಂದಿದ್ದವು.

"ಅಮ್ಮಾ, ಇವತ್ತ ನನಗ ಏನೂ ಬ್ಯಾಡ. ನೀರೂ ಬ್ಯಾಡ," ಅಂದ ಮುಬೀನ.

ಆಶಾಬಿ ಕೈಯಲ್ಲಿದ್ದ ಹಿಟ್ಟನ್ನು ಕೆಳಗಿಟ್ಟಳು. "ಹೊಂಟ ದಿನಾ ಉಪಾಸ ಹೋಗತೀಯಾ? ಓಣ್ಯಾಗಿನ ಮಂದಿ ನನಗ ಏನಂದಾರು?"

ಮಂದಿ ಏನಂದಾರು ಎಂಬುದು ತಿಳಿಯುವ ಮೊದಲೇ ಮುಬೀನ ಎರಡು ಸ್ವೆಟರು, ಅದರ ಮೇಲೊಂದು ರೇನ್‌ಕೋಟು ಏರಿಸಿಕೊಂಡು ಘೋಣಸಗಿ ರಸ್ತೆಗೆ ಬಿದ್ದ. ಬೆವರು ಹರಿದರೆ ತೂಕ ಇಳಿಯುತ್ತದೆ ಎಂಬುದು ಲೆಕ್ಕ. ಏಪ್ರಿಲ್ ತಿಂಗಳ ಬಿಸಿಲು, ರಸ್ತೆಯ ಎರಡೂ ಕಡೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳು. ಅವುಗಳ ನಡುವೆ ತಾನೂ ಒಣಗುತ್ತ ಓಡುತ್ತಿದ್ದಾನೆ. ಆದರೆ ತಿಕೋಟಾದಲ್ಲಿ ಒಬ್ಬ ಮನುಷ್ಯ ನಡೆದು ಹೋಗುತ್ತಿದ್ದರೇ ಬೈಕಿನವರು ನಿಲ್ಲಿಸಿ ಹತ್ತಿಸಿಕೊಳ್ಳುತ್ತಾರೆ, ಓಡುತ್ತಿರುವವನನ್ನು ಬಿಡುತ್ತಾರೆಯೇ? ಮೊದಲನೆಯವನಿಗೆ ಬೇಡವೆಂದ. ಎರಡನೆಯವನಿಗೆ ಕೈ ಮುಗಿದ. ಮೂರನೆಯವನು ರೇನ್‌ಕೋಟು ನೋಡಿ, ಸ್ವೆಟರು ನೋಡಿ, ಹಣೆ ಮುಟ್ಟಿ ನೋಡಿದ. ಮೈ ಸುಡುತ್ತಿತ್ತು. ಚಳಿಜ್ವರ ನೆತ್ತಿಗೇರಿದೆ ಎಂದು ತೀರ್ಮಾನಿಸಿ, ಹಿಂದೆ ಇನ್ನೊಬ್ಬನನ್ನು ಕೂರಿಸಿ ನಡುವೆ ಮುಬೀನನನ್ನು ಬಿಗಿದು ಮನೆಗೆ ತಂದು ಇಳಿಸಿದ. ಅರ್ಧ ಗಂಟೆಯಲ್ಲಿ ಊರಿಗೆ ಊರೇ ಅವನ ಜ್ವರ ವಿಚಾರಿಸಲು ಬಂತು. ಬರಿಗೈಲಿ ಬರುವುದು ಊರಿನ ರೀತಿಯಲ್ಲ. ಗಂಜಿ, ಎಳನೀರು, ಕಷಾಯ, ಮೊಸರನ್ನದ ಡಬ್ಬಿಗಳು ಕಟ್ಟೆಯ ಮೇಲೆ ಸಾಲು ಹಿಡಿದವು.

ಇದೇ ಹೊತ್ತಿಗೆ ಹೆಣ್ಣುಮಕ್ಕಳ ಶಾಲೆಯ ಆಟದ ಟೀಚರು ರಾಜೇಶ್ವರಿ ನಾಲ್ಕು ಬೇಯಿಸಿದ ಮೊಟ್ಟೆ ಹಿಡಿದುಕೊಂಡು ಬಂದರು. ಅವರದು ಬೇರೆಯೇ ಕಷ್ಟ. ಊರಿನ ಒಣದ್ರಾಕ್ಷಿ ಸಾವಕಾರ ಶಿವಶರಣಪ್ಪ ಆ ಸಂಜೆ ನಾಲ್ಕಕ್ಕೆ ಶಾಲೆಯ ಮೈದಾನದಲ್ಲಿ ಮುಬೀನನಿಗೆ ಒಣದ್ರಾಕ್ಷಿಯ ತುಲಾಭಾರ ಇಟ್ಟುಕೊಂಡಿದ್ದ. ಆಟಗಾರನ ತೂಕದಷ್ಟು ದ್ರಾಕ್ಷಿ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ದಾನ. ಅದನ್ನು ಮಾರಿ ಹುಡುಗಿಯರಿಗೆ ಬೂಟು ಕೊಳ್ಳಬೇಕು. ಬರಿಗಾಲಲ್ಲಿ ಆಡುವವರು ಇನ್ನೂ ಇಬ್ಬರಿದ್ದಾರೆ.

"ತಮ್ಮಾ, ನೀ ಒಂದ್ ಕಿಲೋ ಕಮ್ಮಿ ಆದ್ರ ನಮಗ ಒಂದ್ ಕಿಲೋ ದ್ರಾಕ್ಷಿ ಹೋಕ್ಕೈತಿ. ತುಲಾಭಾರ ಮುಗಿಯೂತನಾ ತಿನ್ನು. ಆಮ್ಯಾಲ ಬೇಕಂದ್ರ ಓಡು," ಎಂದು ಟೀಚರು ಮೊಟ್ಟೆ ಮುಂದೆ ಹಿಡಿದರು.

ಮುಬೀನನಿಗೆ ಬೂಟಿಲ್ಲದ ಪಾದ ಎಂದರೆ ಏನೆಂದು ಗೊತ್ತಿತ್ತು. ಮನಸ್ಸು ಕರಗಿತು, ತೂಕ ಕರಗಲಿಲ್ಲ. ಒಂದು ಮೊಟ್ಟೆ ತಿಂದೇಬಿಟ್ಟ.

ಅವನ ಪಕ್ಷ ವಹಿಸಿದ ಒಬ್ಬನೇ ಒಬ್ಬ ಪ್ರಾಣಿ ಸಾವಕಾರ ಶಿವಶರಣಪ್ಪ. ದಾನ ಮಾಡಿದೆ ಎನಿಸಿಕೊಳ್ಳಬೇಕು, ದಾನ ಮಾತ್ರ ಹಗುರವಾಗಿರಬೇಕು ಎಂಬ ಸ್ವಭಾವ ಅವನದು. ಬಂದವನೇ ಕಟ್ಟೆಯ ಮೇಲಿನ ಡಬ್ಬಿಗಳನ್ನೆಲ್ಲ ನೆರೆಯವರಿಗೆ ಹಂಚಿಸಿ, ಆಟಗಾರನೆಂದರೆ ಎಲೆಯ ಹಾಗೆ ಹಗುರಿರಬೇಕು ಎಂದು ಆಶಾಬಿಗೆ ಬುದ್ಧಿ ಹೇಳಿ, ಮುಬೀನನನ್ನು ತನ್ನ ಶೆಡ್ಡಿನ ತಗಡಿನ ಕೋಣೆಗೆ ಕರೆದೊಯ್ದ. ಅಲ್ಲಿ ಮೂರು ಗಂಟೆ ಕಾಲ ಹಗ್ಗ ಜಿಗಿಸಿ, ಬೈಠಕ್ ಹೊಡೆಸಿ, ಹಿಂಡಿದರೆ ಹೊಲಕ್ಕೆ ನೀರಾಗುವಷ್ಟು ಬೆವರಿಸಿದ. ಊರಲ್ಲಿ ತನ್ನನ್ನು ಅರ್ಥ ಮಾಡಿಕೊಂಡವನು ಇವನೊಬ್ಬನೇ ಎಂದು ಮುಬೀನನ ಕಣ್ಣು ತುಂಬಿ ಬಂತು.

ನಾಲ್ಕಕ್ಕೆ ಮೈದಾನ ತುಂಬಿತ್ತು. ಬಬಲೇಶ್ವರದಿಂದಲೂ ಮಂದಿ ಬಂದಿದ್ದರು. ಹಳೆಯ ಕಾಲದ ಎರಡು ಪರಡಿಯ ತಕ್ಕಡಿ ಬದಲು ಸಾವಕಾರ ತನ್ನ ಶೆಡ್ಡಿನ ದೊಡ್ಡ ಎಲೆಕ್ಟ್ರಾನಿಕ್ ಕಾಟಾ ತರಿಸಿದ್ದ. ಹಗ್ಗ ಹರಿದು ಆಟಗಾರನ ಕಾಲು ಮುರಿದರೆ ಊರಿನ ಮರ್ಯಾದೆ ಏನಾಗಬೇಕು ಎಂದು ಮೈಕಿನಲ್ಲಿ ಕಾರಣವನ್ನೂ ಹೇಳಿದ. ಕಾಟಾಕ್ಕೆ ಹೂವಿನ ಹಾರ ಬಿದ್ದಿತ್ತು.

ಮುಬೀನ ದೇವರನ್ನು ನೆನೆದು ಕಾಟಾ ಹತ್ತಿದ. ಕೆಂಪು ಅಂಕಿಗಳು ಒಂದು ಕ್ಷಣ ಕುಣಿದು ನಿಂತವು. ಅರವತ್ತನಾಲ್ಕು ಕಿಲೋ ಒಂಬೈನೂರು ಗ್ರಾಂ.

ಮುಬೀನ ಗೋಲು ಹೊಡೆದವನಂತೆ ಎರಡೂ ಕೈ ಮೇಲೆತ್ತಿ ಮೈದಾನಕ್ಕೆ ಒಂದು ಸುತ್ತು ಬಂದ. ಯಾರೋ ಕಾಟಾದ ವಿಡಿಯೊ ತೆಗೆದು ಆಗಲೇ ಊರೂರಿಗೆ ಕಳಿಸಿದರು. ಮುಬೀನ ಅದನ್ನು ತಾನೇ ಟ್ರೇನರಿಗೂ ಕಳಿಸಿದ. ಖುಷಿಯಲ್ಲಿದ್ದ ಮನುಷ್ಯನ ಕೈಗೆ ಮೈಕು ಕೊಡಬಾರದು. ಆದರೆ ಕೊಟ್ಟರು.

"ಮುಂಜಾನಿ ನಮ್ಮ ಮನಿ ಮಿಷೀನಿನ್ಯಾಗ ಅರವತ್ತೇಳು ಕಿಲೋ ನಾನೂರು ಇದ್ದೆ. ಒಂದ್ ದಿನದಾಗ ಎರಡೂವರಿ ಕಿಲೋ ಇಳಿಸೇನಿ. ಇದರ ಪುಣ್ಯಾ ಎಲ್ಲಾ ನಮ್ಮ ಸಾವಕಾರ್ರದು," ಅಂದ ಮುಬೀನ.

ಚಪ್ಪಾಳೆ ಬಿದ್ದವು. ಮುಂದಿನ ಸಾಲಿನಲ್ಲಿ ಕೂತಿದ್ದ ಘೋಣಸಗಿಯ ಮಲಕವ್ವ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನಾಲ್ಕು ಎಕರೆ ದ್ರಾಕ್ಷಿ ಬೆಳೆಯುವ ಮುದುಕಿ; ಒಂಬತ್ತು ವರ್ಷದಿಂದ ಒಣದ್ರಾಕ್ಷಿಯನ್ನು ಇದೇ ಕಾಟಾದ ಮೇಲೆ ತೂಗಿಸಿ ಇದೇ ಸಾವಕಾರನಿಗೆ ಕೊಟ್ಟವಳು. ಹಸಿ ದ್ರಾಕ್ಷಿ ಒಣಗಿ ಎಷ್ಟು ಇಳಿಯುತ್ತದೆ, ಎಷ್ಟು ದಿನಕ್ಕೆ ಇಳಿಯುತ್ತದೆ ಎಂಬುದು ಅವಳ ಅಂಗೈ ರೇಖೆಯಲ್ಲಿತ್ತು.

"ಯಪ್ಪಾ, ದ್ರಾಕ್ಷಿನೂ ಇಷ್ಟ ಲಗೂ ಒಣಗಂಗಿಲ್ಲ. ನಿನ್ನ ಮನಿ ಮಿಷೀನ್ ತರಸು," ಅಂದಳು ಅವಳು.

ಮಗನ ಸಾಹಸಕ್ಕೆ ಸಾಕ್ಷಿ ಕೇಳುತ್ತಿದ್ದಾರೆಂದು ತಿಳಿದು ಆಶಾಬಿ ತಾನೇ ಹೋಗಿ ಗಾಜಿನ ಯಂತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಮುಬೀನ ನಗುನಗುತ್ತ ಹತ್ತಿದ. ಅರವತ್ತಾರು ಕಿಲೋ ಒಂಬೈನೂರು. ನಗು ನಿಂತಿತು. ಇಡೀ ದಿನದ ಹಸಿವು, ಬಾಯಾರಿಕೆ, ಬೈಠಕ್ಕು, ಎಲ್ಲ ಸೇರಿ ಇಳಿದದ್ದು ಬರೀ ಅರ್ಧ ಕಿಲೋ. ಉಳಿದ ಎರಡು ಕಿಲೋ ಇಳಿಸಿದ್ದು ಸಾವಕಾರನ ಕಾಟಾ.

ಅಷ್ಟು ಚಿಕ್ಕ ಗಾಜಿನ ಆಟಿಕೆಯನ್ನು ಯಾರು ನಂಬುತ್ತಾರೆ ಎಂದು ಶಿವಶರಣಪ್ಪ ಗದರಿದ. ಮಲಕವ್ವ ವಾದಕ್ಕೆ ಹೋಗಲಿಲ್ಲ. ಕಿರಾಣಿ ಅಂಗಡಿಯಿಂದ ಸರಕಾರದ ಮುದ್ರೆಯಿದ್ದ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲು ತರಿಸಿ, ಹಾರ ಸರಿಸಿ, ಕಾಟಾದ ಮೇಲೆ ಇಡಿಸಿದಳು. ಹತ್ತೊಂಬತ್ತು ಕಿಲೋ ನಾನೂರು ಎಂದಿತು ಕಾಟಾ. ಕಬ್ಬಿಣವೂ ಆ ದಿನ ಉಪವಾಸ ಮಾಡಿತ್ತೆಂದು ಹೇಳುವ ಹಾಗಿರಲಿಲ್ಲ.

"ಬಿಸಲಿಗಿ ಮಿಷೀನ್ ಕೆಟ್ಟೈತಿ," ಅಂದ ಸಾವಕಾರ.

"ಒಂಬತ್ತ ವರ್ಷ ಬಿಸಲಾ ಇತ್ತೇನ್ರಿ ಸಾವಕಾರ್ರ?" ಅಂದಳು ಮಲಕವ್ವ. ದನಿ ಏರಿಸಲಿಲ್ಲ. ಏರಿಸುವ ಅಗತ್ಯವಿರಲಿಲ್ಲ, ಮೈದಾನದಲ್ಲಿದ್ದ ದ್ರಾಕ್ಷಿ ಬೆಳೆಗಾರರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತಿದ್ದರು.

ಹಾರ ಹಾಕಿಕೊಂಡು, ಮೈಕಿನ ಮುಂದೆ, ಎರಡೂರಿನ ಮಂದಿಯ ನಡುವೆ ನಿಂತವನು ಎಲ್ಲಿಗೆ ಓಡುತ್ತಾನೆ? ಈ ಹಂಗಾಮಿನಲ್ಲಿ ಎಲ್ಲರಿಂದ ತೂಕದಲ್ಲಿ ಹೊಡೆದಿದ್ದ ದ್ರಾಕ್ಷಿಯನ್ನು ಪೆಟ್ಟಿಗೆಗೆ ಪೆಟ್ಟಿಗೆ ಹಿಂದಿರುಗಿಸುತ್ತೇನೆ, ಹುಡುಗಿಯರ ತಂಡಕ್ಕೆ ಒಂದಲ್ಲ, ಎರಡು ತುಲಾಭಾರದ ದ್ರಾಕ್ಷಿ ಕೊಡುತ್ತೇನೆ ಎಂದು ಶಿವಶರಣಪ್ಪ ಬೆವರಿನಲ್ಲಿ ತೊಯ್ದು ಒಪ್ಪಿಕೊಂಡ. ಆ ಹೊತ್ತು ಅವನನ್ನು ತೂಗಿದ್ದರೆ ಎರಡು ಕಿಲೋ ಖಂಡಿತ ಇಳಿದಿರುತ್ತಿದ್ದ. ರಾಜೇಶ್ವರಿ ಟೀಚರು ಅಲ್ಲೇ ಬೂಟಿನ ಅಳತೆ ಬರೆದುಕೊಳ್ಳತೊಡಗಿದರು.

ಮುಂದೆ ನಡೆದದ್ದನ್ನು ತಿಕೋಟಾ ಇನ್ನೂ ಹತ್ತು ವರ್ಷ ಹೇಳಿಕೊಳ್ಳುತ್ತದೆ. ಬೆಳೆಗಾರರು ಮುಬೀನನನ್ನು ಹೆಗಲ ಮೇಲೆ ಹೊತ್ತರು. ಹಲಗೆ ಬಾರಿಸಿದರು. ಗೋವಾದಲ್ಲಿ ಅವನು ಎಷ್ಟು ಗೋಲು ಹೊಡೆದಿದ್ದಾನೆ ಎಂದು ಕೇಳಿದವರಿಲ್ಲ. ನಮ್ಮ ತೂಕ ನಮಗೆ ತಂದುಕೊಟ್ಟ ಮಗ ಎಂದು ಬಾಯ್ತುಂಬ ಹೊಗಳಿದರು. ಬಾಗಿಲು ಬಾಗಿಲಿಗೆ ಮೆರವಣಿಗೆ ನಿಂತಿತು, ಬಾಗಿಲು ಬಾಗಿಲಿಗೆ ಬಾಯಿ ಸಿಹಿ ಮಾಡಿದರು. ಜ್ವರದವನಿಗೆ ಗಂಜಿ ಬೇಡವೆನ್ನಬಹುದು, ಗೆದ್ದವನು ಸಿಹಿ ಬೇಡವೆನ್ನುವ ಹಾಗಿಲ್ಲ. ಪೇಢೆ, ಲಡ್ಡು, ಮಾದಲಿ, ಕೊನೆಗೆ ಆಶಾಬಿಯ ಶೇಂಗಾ ಹೋಳಿಗೆ ತುಪ್ಪದ ಸಮೇತ ಹೋಯಿತು. ಇಡೀ ದಿನ ಕುಡಿಯದ ನೀರನ್ನೂ ಒಂದೇ ಸಲ ಕುಡಿದ. ಹೆಗಲ ಮೇಲೆ ಕೂತು ಊರು ನೋಡುತ್ತಿದ್ದಾಗ ಮುಬೀನನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಯಾವ ಮೈದಾನದಲ್ಲೂ ಅವನಿಗಾಗಿ ಇಷ್ಟು ಮಂದಿ ಕೂಗಿರಲಿಲ್ಲ.

ಮನೆಗೆ ಬಂದು ಚೀಲ ಕಟ್ಟುವ ಮೊದಲು ಗಾಜಿನ ಯಂತ್ರದ ಮೇಲೆ ನಿಂತ. ಅರವತ್ತೇಳು ಕಿಲೋ ನಾನೂರು. ಬೆಳಿಗ್ಗೆ ಎಲ್ಲಿದ್ದನೋ ಅಲ್ಲೇ, ಒಂದು ಗ್ರಾಂ ಆಚೆಗಿಲ್ಲ ಈಚೆಗಿಲ್ಲ.

ಅಷ್ಟರಲ್ಲಿ ಫೋನು ರಿಂಗಾಯಿತು. ಟ್ರೇನರ್. ವಿಡಿಯೊ ನೋಡಿದೆ, ಅರವತ್ತನಾಲ್ಕು ಒಂಬೈನೂರು, ಭೇಷ್, ಹನ್ನೊಂದನೇ ನಂಬರಿನ ಅಂಗಿಯ ಮೇಲೆ ನಿನ್ನ ಹೆಸರು ಬರೆಸಿಯಾಯಿತು, ಬೆಳಿಗ್ಗೆ ಕಾಟಾದ ಮೇಲೆ ಸುಮ್ಮನೆ ಒಂದು ಸಲ ನಿಂತರೆ ಸಾಕು ಎಂದ. ಮುಬೀನ ಹೂಂಗುಟ್ಟಿ ಫೋನಿಟ್ಟ.

ಸಂಜೆ ಆರರ ಬಸ್ಸಿಗೆ ಇಡೀ ಊರು ಕಳಿಸಲು ಬಂದಿತ್ತು. ಮಲಕವ್ವ ಹದಿನೈದು ಕಿಲೋದ ಒಣದ್ರಾಕ್ಷಿ ಪೆಟ್ಟಿಗೆಯನ್ನು ಅವನ ಸೀಟಿನ ಕೆಳಗೆ ತಳ್ಳಿಸಿ, ದಾರಿಯಲ್ಲಿ ತಿನ್ನು ಎಂದು ತಲೆ ಸವರಿದಳು. ಜನ ಸರಿದ ಮೇಲೆ ಕಿಟಕಿಯ ಹತ್ತಿರ ಶಿವಶರಣಪ್ಪ ಕಾಣಿಸಿಕೊಂಡ. ಅವನ ಹಿಂದೆ ಗೋಣಿಚೀಲ ಹೊದಿಸಿದ ಚೌಕಾಕಾರದ ದೊಡ್ಡ ಗಂಟು ಹೊತ್ತು ಇಬ್ಬರು ಹಮಾಲರು ನಿಂತಿದ್ದರು. ಗೋಣಿಯ ಸಂದಿಯಲ್ಲಿ ಹೂವಿನ ಹಾರದ ಒಂದು ತುದಿ ಇಣುಕುತ್ತಿತ್ತು.

"ತಮ್ಮಾ, ಈ ಊರಾಗ ಇದರ ಕೆಲಸಾ ಮುಗೀತು," ಅಂದ ಸಾವಕಾರ ಸಣ್ಣ ದನಿಯಲ್ಲಿ. "ನಾಳೆ ಮುಂಜಾನಿ ನಿನಗರೆ ಉಪಯೋಗ ಆದೀತು, ಒಯ್ಯಿ."