ರೈಟರ್ ವೀರಭದ್ರಯ್ಯನವರ ಸೋಬಾನೆ ಸಂರಕ್ಷಣೆ

"ನನ್ನ ಕೈಗೆ ಬಂದ ವಸ್ತು ಕಳೆದುಹೋದ ಚರಿತ್ರೆಯೇ ಇಲ್ಲ" ಎಂದು ವೀರಭದ್ರಯ್ಯನವರು ಹೇಳಿದರೆ ಹಾನುಬಾಳಿನಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಎದುರಾಡಿದರೆ ಪುರಾವೆಗಳು ಶುರುವಾಗುತ್ತಿದ್ದವು. ಪುರಾವೆಗಳು ಮುಗಿಯುವಷ್ಟರಲ್ಲಿ ಸಕಲೇಶಪುರದ ಕೊನೆಯ ಬಸ್ಸು ಹೋಗಿರುತ್ತಿತ್ತು. ಮೂವತ್ತಾರು ವರ್ಷ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ, ಸ್ಟೋರು ನೋಡಿಕೊಳ್ಳುವ ರೈಟರ್ ಆಗಿದ್ದವರು ಅವರು. ಅಷ್ಟು ವರ್ಷದಲ್ಲಿ ಸ್ಟೋರಿನಿಂದ ಒಂದು ಕತ್ತಿ ಕಾಣೆಯಾದದ್ದಿಲ್ಲ. ಒಮ್ಮೆ ಕಾಡಾನೆಯೊಂದು ಸ್ಟೋರಿನ ಬಾಗಿಲನ್ನೇ ಕಿತ್ತುಕೊಂಡು ಹೋದಾಗ ಇವರು ಅದರ ಹಿಂದೆ ಮೂರು ಮೈಲಿ ನಡೆದು ಬಾಗಿಲನ್ನು ವಾಪಸ್ ತಂದರಂತೆ. ಆನೆ ಬೀಗದ ಕೈಯನ್ನೂ ಕೇಳಿತ್ತು, ಇವರು ಕೊಡಲಿಲ್ಲ ಎಂಬುದು ಆ ಕಥೆಯ ಈಚಿನ ಆವೃತ್ತಿ.

ಎಸ್ಟೇಟು ಬಿಟ್ಟು ಆರು ವರ್ಷವಾಗಿದ್ದರೂ ರಿಪೋರ್ಟಿನ ಚಟ ಬಿಟ್ಟಿರಲಿಲ್ಲ. ಕಣ್ಣಿಗೆ ಪೊರೆ ಬಂದು ಬರೆಯುವುದು ಕಷ್ಟವಾದ ಮೇಲೆ ಬೆರಳುದ್ದದ ಒಂದು ವಾಯ್ಸ್ ರೆಕಾರ್ಡರ್ ಕೊಂಡರು. ಮಳೆ ಬಂದರೆ ಅದಕ್ಕೆ ಹೇಳಬೇಕು, ಬಾರದಿದ್ದರೂ ಹೇಳಬೇಕು. ಹಸು ಕರು ಹಾಕಿದರೆ, ಕರೆಂಟು ಹೋದರೆ, ಹೆಂಡತಿ ಮಾತು ಬಿಟ್ಟರೆ, ಎಲ್ಲವೂ ದಿನಾಂಕ ಮತ್ತು ಗಂಟೆಯ ಸಮೇತ ಆ ಪುಟ್ಟ ಡಬ್ಬಿಯೊಳಗೆ ಹೋಗುತ್ತಿದ್ದವು.

ಅದೇ ಡಬ್ಬಿಯಲ್ಲಿ ಅತ್ತೆ ಕಲ್ಯಾಣಮ್ಮನವರ ಇಪ್ಪತ್ತೆರಡು ಸೋಬಾನೆ ಪದಗಳೂ ಇದ್ದವು. ಎರಡು ವರ್ಷದ ಹಿಂದೆ ಕುಂದೂರಿನ ಮನೆಯಲ್ಲಿ ಕೂತು ಅವರು ಹಾಡಿದ್ದನ್ನು, ಪದಕ್ಕೊಂದು ಸಲ ಗುಂಡಿ ಒತ್ತಿಟ್ಟು ಜಗಲಿಗೆ ಹೋಗುತ್ತ, ಅಳಿಯ ವೀರಭದ್ರಯ್ಯನವರೇ ಹಿಡಿದಿಟ್ಟಿದ್ದರು. ಹೋದ ವರ್ಷ ಕಲ್ಯಾಣಮ್ಮ ತೀರಿಕೊಂಡರು.

ಸೋಬಾನೆ ಎಂದರೆ ಮುಂದೆ ಹೇಳುವವರು ಒಬ್ಬರು, ಹಿಂದೆ ದನಿಗೂಡಿಸುವವರು ಹತ್ತು ಜನ. ವೀರಭದ್ರಯ್ಯನವರ ಹೆಂಡತಿ ಪಾರ್ವತಮ್ಮ ಐವತ್ತು ವರ್ಷ ಅವ್ವನ ಹಿಂದೆ ದನಿಗೂಡಿಸಿದವರು. ಹೀಗಾಗಿ ಪ್ರತಿ ಪದದ ಹಿಂದಿನ ಅರ್ಧ ಅವರಿಗೆ ಬಾಯಿಪಾಠ, ಮುಂದಿನ ಅರ್ಧ ಗೊತ್ತಿಲ್ಲ. ಕುಂದೂರಿನ ಉಳಿದ ಹೆಂಗಸರ ಪಾಡೂ ಅದೇ. ಊರಿಗೆ ಊರೇ ಉತ್ತರ ಕಲಿತಿತ್ತು, ಪ್ರಶ್ನೆ ಒಬ್ಬರಿಗೇ ಗೊತ್ತಿತ್ತು.

ಈಗ ಪಾರ್ವತಮ್ಮನ ತಮ್ಮನ ಮಗಳು ಮಾನಸಾಳ ಮದುವೆಗೆ ಮೂರೇ ವಾರ.

"ಚಪ್ಪರದ ದಿನ ಮುಂದೆ ಹೇಳೋಳು ನಾನೇ ಅಂತ ಒಪ್ಕೊಂಡ್ಬುಟ್ಟಿದೀನಿ" ಎಂದರು ಪಾರ್ವತಮ್ಮ. "ನಾಳೆಯಿಂದ ದಿನಾ ಅವ್ವನ ಪದ ಕೇಳಿ ಕಲೀತೀನಿ. ಆ ಮಿಷನ್ನು ಹುಷಾರು ಕಣ್ರೀ."

"ನನಗೆ ಹುಷಾರು ಹೇಳ್ತೀಯಲ್ಲೇ. ಮೀನಿಗೆ ಈಜು ಹೇಳ್ಕೊಟ್ಟಂಗಾಯ್ತು."

ಮರುದಿನ ಬೆಳಿಗ್ಗೆ ಮಳೆಯ ರಿಪೋರ್ಟು ಹೇಳುತ್ತಿರುವಾಗಲೇ ರೆಕಾರ್ಡರ್ ಜಾಗ ಮುಗಿಯಿತು ಎಂದು ಕೀಂಗುಟ್ಟಿತು. ವೀರಭದ್ರಯ್ಯನವರು ಸ್ಟೋರು ಚೊಕ್ಕಟ ಮಾಡುವ ಹುರುಪಿನಿಂದ ಪಂಚೆ ಎತ್ತಿ ಕಟ್ಟಿ ಕೂತರು. ಮೊದಲ ಹಾಡನ್ನು ಹತ್ತು ಸೆಕೆಂಡು ಕೇಳಿದರು. ಎರಡನೆಯದನ್ನು ಹತ್ತು ಸೆಕೆಂಡು ಕೇಳಿದರು. ಮೂರನೆಯದಕ್ಕೆ ಅವರ ಹುಬ್ಬು ಮೇಲೇರಿತು. ಹತ್ತನೆಯದರ ಹೊತ್ತಿಗೆ ಹುಬ್ಬು ನೆತ್ತಿ ದಾಟಿತ್ತು. ಎಲ್ಲವೂ ಒಂದೇ ಹಾಡು!

ಯಾವ ಪದ ಹೇಳುವ ಮೊದಲೂ ಮನೆದೇವರಿಗೆ ಶರಣೆನ್ನುವ ಅದೇ ನಾಲ್ಕು ಸಾಲು ಹೇಳುವುದು ಕಲ್ಯಾಣಮ್ಮನ ಮನೆಯ ಪದ್ಧತಿ. ಮೂವತ್ತೆಂಟು ವರ್ಷದ ಅಳಿಯತನದಲ್ಲಿ ಐದನೆಯ ಸಾಲಿನವರೆಗೆ ಎಂದೂ ಕೂತು ಕೇಳದ ವೀರಭದ್ರಯ್ಯನವರಿಗೆ ಇದು ತಿಳಿಯುವುದಾದರೂ ಹೇಗೆ? ವಯಸ್ಸಾದವರು, ಪಾಪ, ಹಾಡಿದ್ದನ್ನೇ ಇಪ್ಪತ್ತೆರಡು ಸಲ ಹಾಡಿದ್ದಾರೆ ಎಂದು ಅವರ ಕಣ್ಣಂಚು ಒದ್ದೆಯಾಯಿತು. ಆದರೆ ರೈಟರ್ ಧರ್ಮ ದೊಡ್ಡದು. ಅಸಲು ಒಂದು ಉಳಿಯಬೇಕು, ನಕಲು ಹೋಗಬೇಕು. ಮೊದಲನೆಯದನ್ನು ಉಳಿಸಿಕೊಂಡು ಮಿಕ್ಕ ಇಪ್ಪತ್ತೊಂದನ್ನು ಒಂದೊಂದಾಗಿ ಅಳಿಸಿದರು. ಬಂದ ಜಾಗದಲ್ಲಿ, ಎಸ್ಟೇಟಿನ ಇಂಚು-ಸೆಂಟಿನ ಲೆಕ್ಕದಂತೆ, ಮಳೆ ನಲವತ್ತು ಸೆಂಟು ಎಂದು ಹೇಳಿ ಮುಗಿಸಿದರು.

ಸಂಜೆ ಪಾರ್ವತಮ್ಮ ಕೈಕಾಲು ತೊಳೆದು, ವಿಭೂತಿ ಧರಿಸಿ, ರೆಕಾರ್ಡರಿನ ಮುಂದೆ ಕೂತರು. ಮೊದಲ ಪದ ಬಂತು. ಎರಡನೆಯದಕ್ಕೆ ಗುಂಡಿ ಒತ್ತಿದರೆ, "ಮಳೆ ನಲವತ್ತು ಸೆಂಟು, ಗಾಳಿ ಇರುವುದಿಲ್ಲ" ಎಂದು ಗಂಡನ ದನಿ ಬಂತು.

"ಏನ್ರೀ, ಅವ್ವ ಎಲ್ಲಿ?"

ವೀರಭದ್ರಯ್ಯನವರಿಗೆ ತಾವು ಅಳಿಸಿದ್ದು ಏನನ್ನು ಎಂಬುದು ಆ ಕ್ಷಣದಲ್ಲೇ ಹೊಳೆಯಿತು. "ಮಿಷನ್ನಿಗೆ ಥಂಡಿ ಹಿಡ್ದೈತೆ ಅಂತ ಕಾಣುತ್ತೆ" ಎಂದರು.

"ಎರಡು ವರ್ಷದಿಂದ ಹಿಡೀದೇ ಇದ್ದ ಥಂಡಿ ಇವತ್ತೇ ಹಿಡೀತಾ?"

"ಥಂಡಿ ಏನು ಹೇಳಿ ಕೇಳಿ ಬರುತ್ತಾ, ಪಾರ್ವತಿ?"

ಪಾರ್ವತಮ್ಮ ಎರಡನೆಯ ಪದದ ಹಿಂದಿನ ಅರ್ಧವನ್ನು ಮೆಲ್ಲಗೆ ಹೇಳಿಕೊಂಡರು. ಮುಂದಿನ ಅರ್ಧಕ್ಕೆ ಸ್ವಲ್ಪ ಹೊತ್ತು ಕಾದರು. ಅದು ಬರಲಿಲ್ಲ. ಎದ್ದು ಒಳಗೆ ಹೋಗಿ, ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದರು. ಆನೆಯ ಬೆನ್ನು ಹತ್ತಿದ್ದ ವೀರಭದ್ರಯ್ಯನವರು ಆ ಲೋಟದ ಸದ್ದಿಗೆ ಹಿಂದೆ ಸರಿದು ಹೊಸ್ತಿಲು ದಾಟಿದರು.

ಇಂಥ ಅನಾಹುತವಾದಾಗ ರೈಟರ್ ಆದವನು ಮೊದಲು ಏನು ಮಾಡಬೇಕು? ವರದಿ ಮಾಡಬೇಕು. ಜಗಲಿಗೆ ಹೋಗಿ, ಅದೇ ರೆಕಾರ್ಡರಿಗೆ, ಹತ್ತು ನಿಮಿಷದ ಸವಿಸ್ತಾರ ವರದಿ ಹೇಳಿದರು. ಆಮೇಲೆ ಆನೇಮಹಲಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅಭಿಲಾಷನಿಗೆ ಫೋನು ಮಾಡಿ, ಅವನಿಗೂ ಥಂಡಿಯ ಕಥೆಯನ್ನೇ ಹೇಳಿದರು.

"ಅಳಿಸಿಹೋಗಿದ್ರೂ ಪೂರಾ ಹೋಯ್ತು ಅಂತಲ್ಲ ಸಾರ್" ಎಂದ ಅಭಿಲಾಷ್. "ಪಟ್ಟಿಯಿಂದ ಹೆಸರು ಹೊಡೆದಿರುತ್ತೆ, ಆಸಾಮಿ ಒಳಗೇ ಇರ್ತಾನೆ. ಅವನ ಜಾಗದಲ್ಲಿ ಹೊಸಬರನ್ನ ಕೂರಿಸಿದ್ರೆ ಮಾತ್ರ ಕೆಟ್ಟಿತು. ಅದ್ಕೇ ಇನ್ನು ಅದರಲ್ಲಿ ಒಂದಕ್ಷರ ರೆಕಾರ್ಡ್ ಮಾಡ್ಬೇಡಿ. ಬೆಳಿಗ್ಗೆ ತನ್ನಿ."

"ಸರಿ" ಎಂದು ಫೋನಿಟ್ಟ ವೀರಭದ್ರಯ್ಯನವರು ರೆಕಾರ್ಡರ್ ಎತ್ತಿಕೊಂಡು, "ಸಂಜೆ ಏಳು ಗಂಟೆ ನಲವತ್ತು ನಿಮಿಷ. ಇನ್ನು ಮುಂದೆ ಏನನ್ನೂ ರೆಕಾರ್ಡ್ ಮಾಡಬಾರದೆಂದು ಅಭಿಲಾಷ್ ಸೂಚಿಸಿರುತ್ತಾರೆ" ಎಂದು ದಾಖಲಿಸಿದರು.

ಬೆಳಿಗ್ಗೆ ಅಭಿಲಾಷ್ ರೆಕಾರ್ಡರಿನ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದ.

"ಥಂಡಿ ಅಂದ್ರಲ್ಲ ಸಾರ್?"

"ಭಾರಿ ಥಂಡಿ."

"ಒಂದೊಂದು ಹಾಡಿಗೂ 'ಅಳಿಸಲೇ?' ಅಂತ ಕೇಳುತ್ತೆ ಈ ಮಿಷನ್ನು. ಇಪ್ಪತ್ತೊಂದು ಸಲ 'ಹೌದು' ಅಂತ ಒತ್ತೋ ಅಷ್ಟು ತಾಳ್ಮೆ ಥಂಡಿಗೆ ಇರಲ್ಲ."

ವೀರಭದ್ರಯ್ಯನವರು ರಸ್ತೆಯ ಲಾರಿಗಳನ್ನು ಎಣಿಸತೊಡಗಿದರು. "ಎಲ್ಲಾ ಒಂದೇ ಹಾಡಿನ ನಕಲು ಅಂದ್ಕೊಂಡೆ. ಮನೇಲಿ ಹೇಳ್ಬೇಡ ಮಾರಾಯ" ಎಂದರು ಹನ್ನೊಂದನೆಯ ಲಾರಿಗೆ.

ಮಧ್ಯಾಹ್ನದ ಹೊತ್ತಿಗೆ ಹದಿನೆಂಟು ಹಾಡು ಇಡಿಯಾಗಿ ಎದ್ದು ಬಂದವು. ಎರಡು ಹರಕಾಗಿ ಬಂದವು. ಒಂದು ಬರಲೇ ಇಲ್ಲ.

"ಅದರ ಜಾಗದಲ್ಲಿ ಪೂರಾ ನೀವೇ ಇದೀರ ಸಾರ್" ಎಂದ ಅಭಿಲಾಷ್. "ಇನ್ಮೇಲೆ ಇವನ್ನ ಮೂರು ಕಡೆ ಇಡಿ. ಪಾರ್ವತಮ್ಮನೋರ ಫೋನಲ್ಲಿ ಒಂದು, ಈ ಪೆನ್‌ಡ್ರೈವಲ್ಲಿ ಒಂದು, ಕುಂದೂರಲ್ಲಿ ಒಂದು."

"ಅಂದ್ರೆ ನಕಲು?"

"ನಕಲೇ. ನೀವು ನಿನ್ನೆ ಅಳಿಸಿದ್ರಲ್ಲ, ಅವು ನಕಲಲ್ಲ."

ವೀರಭದ್ರಯ್ಯನವರು ಹೊರಡುವ ಮೊದಲು ಎಲ್ಲವನ್ನೂ ಹತ್ತು ಹತ್ತು ಸೆಕೆಂಡು ಕೇಳಿ ಪರಿಶೀಲಿಸಿದರು. ಎಲ್ಲವೂ ಸರಿಯಾಗಿದ್ದವು.

ಆ ಭಾನುವಾರ ಕುಂದೂರಿನಲ್ಲಿ ಅಭ್ಯಾಸ. ಪಾರ್ವತಮ್ಮನ ತಂಗಿ ಚಂದ್ರಿಕಾ ಅಕ್ಕನ ಫೋನನ್ನು ಸ್ಪೀಕರಿಗೆ ಜೋಡಿಸಿದರು. ಎಂಟು ಹೆಂಗಸರು ಚಾಪೆಯ ಮೇಲೆ, ವೀರಭದ್ರಯ್ಯನವರು ಬಾಗಿಲ ಬಳಿಯ ಕುರ್ಚಿಯ ಮೇಲೆ. ಅಷ್ಟರಲ್ಲಿ ಆನೇಮಹಲಿನ ಆ ಮಧ್ಯಾಹ್ನ, ಅವರ ಬಾಯಲ್ಲಿ, ಸಾವಿತ್ರಿ ಯಮನ ಹಿಂದೆ ಹೋದ ಮಟ್ಟಕ್ಕೆ ಬೆಳೆದಿತ್ತು.

"ಭಾವ ಇಲ್ದಿದ್ರೆ ಅವ್ವನ ಪದ ಹೋಗೇಬುಡ್ತಿದ್ವು" ಎಂದರು ಚಂದ್ರಿಕಾ.

"ಏನೋ, ಕೈಲಾದ್ದು" ಎಂದು ಭಾವ ಮೀಸೆ ಸವರಿಕೊಂಡರು.

ಪಾರ್ವತಮ್ಮ ಅವ್ವನ ದನಿಯ ಬೆನ್ನಿಗೇ ತಮ್ಮ ದನಿ ಇಟ್ಟು ಮುಂದಿನ ಸಾಲುಗಳನ್ನು ಕಲಿಯುತ್ತಿದ್ದರು. ಹತ್ತೊಂಬತ್ತು ಪದ ಸುಸೂತ್ರವಾಗಿ ಮುಗಿದವು. ಇಪ್ಪತ್ತನೆಯದು ಶರಣು ಮುಗಿಸಿ ಹಸೆಮಣೆಯವರೆಗೆ ಬಂದಿತ್ತು. ಆಗ ಕಲ್ಯಾಣಮ್ಮನ ದನಿ ಗಕ್ಕನೆ ನಿಂತು, ಕಚೇರಿ ಗತ್ತಿನ ಗಂಡುದನಿಯೊಂದು ಹೊರಟಿತು:

"ಹಾಡುಗಳು ಕಾಣೆಯಾಗಿರುತ್ತವೆ."

ಮುಂದೆ ಹೇಳಿದ್ದರ ಕೊನೆಯನ್ನು ಎತ್ತಿಕೊಳ್ಳುವುದು ಆ ಹೆಂಗಸರ ಐವತ್ತು ವರ್ಷದ ರೂಢಿ. "ಕಾಣೆಯಾಗಿರುತ್ತವೇ ಸೋ..." ಎಂದು ಎಂಟೂ ಜನ ಎಳೆದರು.

ವೀರಭದ್ರಯ್ಯನವರು ಕುರ್ಚಿಯಿಂದ ಎದ್ದರು. ಸ್ಪೀಕರಿಗೂ ಅವರಿಗೂ ನಡುವೆ ಎಂಟು ಹೆಂಗಸರಿದ್ದರು.

"ಮಿಷನ್ನಿಗೆ ಥಂಡಿ ಹಿಡಿದಿರುವುದಾಗಿ ಮನೆಯವರಿಗೆ ತಿಳಿಸಲಾಗಿದೆ. ನಿಜವಾಗಿ ಅಳಿಸಿದವರು ಯಾರೆಂದರೆ..."

ವರದಿ ಅಲ್ಲಿಗೆ ಹರಿದಿತ್ತು. ಎರಡು ವರ್ಷದ ಹಿಂದೆ, ಉಸಿರೆಳೆದುಕೊಳ್ಳಲು ಪದವನ್ನು ನಡುವೆ ನಿಲ್ಲಿಸಿ, ಮಗಳು ಕೇಳಿದ ಯಾವುದೋ ಮಾತಿಗೆ ಉತ್ತರ ಕೊಟ್ಟಿದ್ದ ಕಲ್ಯಾಣಮ್ಮನವರ ದನಿ ಸ್ಪೀಕರಿನಿಂದ ಸ್ಪಷ್ಟವಾಗಿ ಬಂತು:

"ಇನ್ಯಾರೇ ಪಾರ್ವತಿ, ನಿನ್ ಗಂಡನೇ ಕಣೆ."