ಒಳಗೆ ಬಟ್ಟೆ ಇರಲಿ ಮಾರಾಯ

ಕಾಪು ಪೇಟೆಯ ನನ್ನ ಟೈಲರ್ ಅಂಗಡಿಗೆ ಬಂದವರಲ್ಲಿ ತಾನು ದಪ್ಪಗಾದೆ ಎಂದು ಒಪ್ಪಿಕೊಂಡವರು ಒಬ್ಬರೂ ಇಲ್ಲ. ಎಲ್ಲರದ್ದೂ ಒಂದೇ ದೂರು: ಪ್ಯಾಂಟು ಸಣ್ಣದಾಗಿದೆ. ಕಪಾಟಿನಲ್ಲಿ ಮಡಿಚಿಟ್ಟ ಪ್ಯಾಂಟು ತಾನಾಗಿ ಹೇಗೆ ಸಣ್ಣದಾಗುತ್ತದೆ ಎಂದು ಕೇಳಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಹಾಗಾಗಿ ನಾನು ಕೇಳುವುದಿಲ್ಲ. ಎಪ್ಪತ್ತರ ದಶಕದಲ್ಲಿ ಅಂಗಡಿ ಇಟ್ಟಂದಿನಿಂದ ಹೊಸ ಬಟ್ಟೆ ಹೊಲಿದದ್ದಕ್ಕಿಂತ ಹಳೆಯದನ್ನು ಬಿಚ್ಚಿ ಹೊಲಿದದ್ದೇ ಹೆಚ್ಚು. ತುಳು ಮಾತಾಡುವವರಿರಲಿ, ಕೊಂಕಣಿಯವರಿರಲಿ, ಬ್ಯಾರಿಗಳಿರಲಿ, ಈ ಕೆಲಸಕ್ಕೆ ಎಲ್ಲರೂ ಹೇಳುವುದು ಒಂದೇ ಮಾತು: “ಸ್ವಲ್ಪ ಆಲ್ಟರ್ ಮಾಡ್ಲಿಕ್ಕೆ ಉಂಟು.” ಈ ‘ಸ್ವಲ್ಪ’ವೇ ನನ್ನ ಅರ್ಧ ಆಯುಸ್ಸು ತಿಂದಿತು.

ಬೆಂಚಿನ ಮೇಲಿನ ಪಾಠ

ಹೈಸ್ಕೂಲಿನ ಇಂಗ್ಲಿಷ್ ಮಾಷ್ಟ್ರು ದಿನಾ ಸಂಜೆ ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಭಾರೀ ಆಳು. ಅವರು ಕೂತರೆ ಆ ಬೆಂಚಿನಲ್ಲಿ ಮತ್ತೊಬ್ಬರಿಗೆ ಜಾಗವಿಲ್ಲ. ಅವರ ಬೂದು ಬಣ್ಣದ ಕೋಟು ಹೊಲಿದವನು ನಾನೇ. ಒಬ್ಬಳೇ ಮಗಳ ಧಾರೆಯ ದಿನ ಅದನ್ನು ಹಾಕಿಕೊಂಡು ಚಪ್ಪರದಲ್ಲಿ ನಿಲ್ಲಬೇಕೆಂದು ಮಗಳು ಶಾಲೆಗೆ ಹೋಗುತ್ತಿದ್ದಾಗಲೇ ಹೊಲಿಸಿಟ್ಟವರು.

“ಚೇಂಜ್ ಎಂದರೆ ಯಾವ ಬದಲಾವಣೆಯೂ ಆದೀತು,” ಎಂದು ಒಂದು ಸಂಜೆ ಪಾಠ ಶುರುಮಾಡಿದರು. “ಆಲ್ಟರ್ ಎಂದರೆ ವಸ್ತು ಅದೇ, ಅಲ್ಲಲ್ಲಿ ಸ್ವಲ್ಪ ಬೇರೆ. ಟ್ರಾನ್ಸ್‌ಫಾರ್ಮ್ ಎಂದರೆ ಗುರುತೇ ಸಿಗಬಾರದು.”

“ಹಾಗಾದ್ರೆ ನಾನು ಮಾಡುವುದು ಆಲ್ಟರ್, ಅಲ್ವಾ ಮಾಷ್ಟ್ರೇ?”

“ನೀನು ಶುರು ಮಾಡುವುದು ಆಲ್ಟರ್,” ಎಂದರು. “ಮತ್ತಿನದ್ದು ಗಿರಾಕಿಯ ಗ್ರಹಚಾರ.”

ಬೆಲ್ ಬಾಟಮ್

ಬೀದಿ ಗುಡಿಸುವಂಥ ಪ್ಯಾಂಟಿನ ಕಾಲ. ಪೇಟೆಯ ಜವಳಿ ಸಾಹುಕಾರರು ಮಗನ ಪ್ಯಾಂಟನ್ನು ಗುಟ್ಟಾಗಿ ತಂದು, “ಇದರ ಕಾಲು ಸಣ್ಣ ಮಾಡಿ. ಅವನಿಗೆ ಹೇಳ್ಬೇಡಿ,” ಎಂದರು. ಮಣಿಪಾಲದಲ್ಲಿ ಕಾಲೇಜಿಗೆ ಹೋಗುತ್ತಿದ್ದ ಮಗ ಮಧ್ಯಾಹ್ನ ಬಂದು, “ನನ್ನ ಪ್ಯಾಂಟು ಇಲ್ಲಿ ಉಂಟಂತೆ? ಕಾಲು ಇನ್ನೂ ಅಗಲ ಮಾಡಿ. ಅಪ್ಪನಿಗೆ ಹೇಳ್ಬೇಡಿ,” ಎಂದ.

ಸಾಹುಕಾರರು ನನ್ನ ಅಂಗಡಿಯ ಕಟ್ಟಡದ ಧಣಿ. ಮಗ ನಾಳಿನ ಧಣಿ. ನಾನು ಪ್ಯಾಂಟಿಗೆ ಸೂಜಿ ತಾಗಿಸದೆ ಚೆನ್ನಾಗಿ ಇಸ್ತ್ರಿ ಹಾಕಿ ಇಟ್ಟೆ. ಅಪ್ಪ ಬಂದು ನೋಡಿ, “ಈಗ ಮನುಷ್ಯರು ಹಾಕುವಂತಾಯ್ತು,” ಎಂದರು. ಮಗ ಹಾಕಿಕೊಂಡು ಕನ್ನಡಿಯೆದುರು ತಿರುಗಿ, “ಈಗ ಲುಕ್ ಬಂತು,” ಎಂದ. ಅಷ್ಟು ಒಳ್ಳೆಯ ಆಲ್ಟರೇಷನ್ ನಾನು ಮತ್ತೆ ಮಾಡಿದ್ದಿಲ್ಲ.

ಗಲ್ಫಿನ ಫ್ರಾಕು

ಹೆಜಮಾಡಿಯ ಬ್ಯಾರಿ ಒಬ್ಬರು ಗಲ್ಫಿನಿಂದ ಬಂದ ಮರುದಿನವೇ ಹೆಂಡತಿ ಮಕ್ಕಳೊಂದಿಗೆ ಅಂಗಡಿಗೆ ಬಂದರು. ಕೈಯಲ್ಲಿ ಜರಿ ಹಾಕಿದ ಗುಲಾಬಿ ಫ್ರಾಕು. ದೊಡ್ಡ ಮಗಳಿಗೆಂದು ತಂದದ್ದು. ಆ ಹುಡುಗಿಯ ತಲೆಯೂ ಅದರಲ್ಲಿ ನುಗ್ಗುತ್ತಿರಲಿಲ್ಲ.

“ನಾನು ಹೋಗುವಾಗ ಇಷ್ಟೇ ಇದ್ದಳು,” ಎಂದು ಅವರು ಮೊಣಕಾಲಿನ ಹತ್ತಿರ ಕೈ ಹಿಡಿದು ತೋರಿಸಿದರು. ಆ ಕೈಯನ್ನು ಕೆಳಗಿಳಿಸಲು ಮರೆತು ಹಾಗೆಯೇ ನಿಂತರು. ನಾನು ಫ್ರಾಕಿನ ಹೊಲಿಗೆ ಮಗುಚಿ ನೋಡಿದೆ, ಒಳಗೆ ಬಟ್ಟೆ ಬಿಟ್ಟಿರಲಿಲ್ಲ. ದೊಡ್ಡದನ್ನು ಸಣ್ಣದು ಮಾಡಬಹುದು, ಇಲ್ಲದ ಬಟ್ಟೆಯನ್ನು ಎಲ್ಲಿಂದ ತರುವುದು?

“ಫ್ರಾಕು ಆಲ್ಟರ್ ಮಾಡ್ಲಿಕ್ಕೆ ಆಗದಿದ್ರೆ ಬೇಡ,” ಎಂದರು ಹೆಂಡತಿ. “ಇವರು ಬರುವ ಟೈಮನ್ನು ಸ್ವಲ್ಪ ಆಲ್ಟರ್ ಮಾಡಿ ಕೊಡಿ.”

ಕೊನೆಗೆ ಸೆರಗು ಹಿಡಿದು ನಿಂತಿದ್ದ ಚಿಕ್ಕವಳಿಗೆ ಹಾಕಿ ನೋಡಿದೆವು. ಅಪ್ಪ ಗಲ್ಫಿಗೆ ಹೋದ ಮೇಲೆ ಹುಟ್ಟಿದ ಮಗು ಅದು. ಅಳತೆ ತೆಗೆದು ಹೊಲಿದಂತೆ ಕೂತಿತು. ಬ್ಯಾರಿಗಳ ಮುಖ ಅರಳಿತು. “ನೋಡಿ, ನನ್ನ ಅಂದಾಜು ತಪ್ಪುವುದಿಲ್ಲ. ಮಗಳು ತಪ್ಪಿದ್ದು!”

ಬೂದು ಕೋಟು

ಮಾಷ್ಟ್ರು ಒಂದು ದಿನ ಆ ಕೋಟನ್ನು ತಂದು, “ನಾನು ಸಣ್ಣ ಆದೆ ಮಾರಾಯ, ಇದನ್ನು ಸ್ವಲ್ಪ ಒಳಗೆ ಹಿಡಿಯಬೇಕಿತ್ತು,” ಎಂದರು. ಸಣ್ಣಗಾದೆ ಎಂದು ಒಪ್ಪಿಕೊಂಡ ಮೊದಲ ಗಿರಾಕಿ. ನನಗೆ ನಗು ಬರಲಿಲ್ಲ. ಮಣಿಪಾಲದ ಆಸ್ಪತ್ರೆಗೆ ಹೋಗಿ ಬರುತ್ತಿದ್ದಾರೆಂದು ಪೇಟೆಗೆಲ್ಲ ಗೊತ್ತಿತ್ತು.

ಮಗಳಿಗೆ ಸಂಬಂಧ ನೋಡುತ್ತಿದ್ದರು. ಕೋಟು ಧಾರೆಗೆ ತಯಾರಿರಬೇಕು. ನಾನು ಕತ್ತರಿ ತೆಗೆದದ್ದೇ ತಡ, ಕೈ ಅಡ್ಡ ಹಿಡಿದರು. “ಕತ್ತರಿಸಬೇಡ. ಒಳಗೆ ಬಟ್ಟೆ ಇರಲಿ. ಮತ್ತೆ ದಪ್ಪ ಆಗ್ಲಿಕ್ಕುಂಟು.”

ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಡುವುದು ನಮ್ಮ ಕಸುಬಿನ ಕ್ರಮವೇ. ಆದರೆ ಮಾಷ್ಟ್ರು ಮತ್ತೆ ಬಂದರು, ಮತ್ತೂ ಬಂದರು. ಪ್ರತಿ ಸಲವೂ ಹಿಡಿದದ್ದನ್ನೆಲ್ಲ ಒಳಗೇ ಮಡಿಚಿಟ್ಟೆ. ಕೊನೆಗೆ ಹೊರಗಿನ ಕೋಟಿಗಿಂತ ಒಳಗಿನ ಕೋಟೇ ದೊಡ್ಡದಾಯಿತು. ಬೆಂಚಿನಲ್ಲಿ ಅವರ ಪಕ್ಕ ಈಗ ಇಬ್ಬರು ಕೂರಬಹುದಿತ್ತು. ಯಾರೂ ಕೂರುತ್ತಿರಲಿಲ್ಲ.

“ಡಾಕ್ಟರು ತೂಕ ನೋಡ್ತಾರೆ, ನೀನು ಅಳತೆ ನೋಡ್ತಿ,” ಎನ್ನುತ್ತಿದ್ದರು. “ಇಬ್ಬರೂ ಮುಖ ಸಣ್ಣ ಮಾಡುವುದು ಯಾಕೆ? ಸಣ್ಣ ಆದದ್ದು ನಾನಲ್ವಾ?”

ಕೊನೆಯ ಸಲ ಟೇಪು ಹಿಡಿದು ನಾನೇ ಅವರ ಮನೆಗೆ ಹೋದೆ. ಅವರನ್ನು ಹೆಂಡತಿ ಬೆನ್ನಿಗೆ ಕೈಕೊಟ್ಟು ಕೂರಿಸಿದರು. ಎದೆಗೆ ಟೇಪು ಸುತ್ತುತ್ತ ಕೇಳಿದೆ, “ಮಾಷ್ಟ್ರೇ, ಈಗ ಇದಕ್ಕೆ ಎಂತ ಹೇಳುವುದು? ಚೇಂಜಾ, ಆಲ್ಟರಾ?”

“ಇನ್ನೂ ಆಲ್ಟರೇ ಮಾರಾಯ,” ಎಂದರು. “ಗುರುತು ಸಿಗ್ತದಲ್ಲ?”

ಹೊಲಿದ ಕೋಟನ್ನು ನಾನು ತಲುಪಿಸಿದೆ. ಮಾಷ್ಟ್ರಿಗೆ ಅದನ್ನು ಹಾಕಿ ನೋಡುವಷ್ಟು ಸಮಯ ಸಿಗಲಿಲ್ಲ.

ಟ್ರಯಲ್

ತಂದೆ ಹೋದ ವರ್ಷದೊಳಗೆ ಮಗಳ ಧಾರೆ ಆಗಬೇಕೆಂದು ಹಿರಿಯರು ಹೇಳಿ, ಅಜೆಕಾರಿನ ಹುಡುಗನೊಂದಿಗೆ ಸಂಬಂಧ ಗಟ್ಟಿಯಾಯಿತು. ಬೊಂಬಾಯಿಯಲ್ಲಿ ಹೋಟೆಲಿನವನು. ತನ್ನ ಹೋಟೆಲಿನ ಊಟದ ಮೇಲೆ ಅವನಿಗೆ ಎಷ್ಟು ನಂಬಿಕೆಯೆಂದು ಮೈ ನೋಡಿದರೇ ಗೊತ್ತಾಗುತ್ತಿತ್ತು.

ಒಂದು ಬೆಳಿಗ್ಗೆ ಮಾಷ್ಟ್ರ ಹೆಂಡತಿ, ಮಗಳು, ಆ ಹುಡುಗ ಮೂವರೂ ಅಂಗಡಿಗೆ ಬಂದರು. ಮಗಳ ಕೈಯಲ್ಲಿ ಬೂದು ಕೋಟು.

“ಅಪ್ಪ ಇದನ್ನು ಧಾರೆಗೆಂದೇ ಇಟ್ಟದ್ದು,” ಎಂದಳು. “ಚಪ್ಪರಕ್ಕೆ ಇದು ಬರಲೇಬೇಕು. ಇವರು ಹಾಕ್ತಾರಂತೆ. ಸ್ವಲ್ಪ ಆಲ್ಟರ್ ಮಾಡಿ ಕೊಡ್ತೀರಾ?”

ಸತ್ತವರ ಕೋಟು ಮದುಮಗನಿಗೆ ಬೇಡವೆಂದು ಸಂಬಂಧಿಕರು ಗೊಣಗಿದ್ದರಂತೆ. ಹುಡುಗ ಮಾತ್ರ, “ನನ್ನ ಮೈಗೆ ಹಿಡಿಸಿದರೆ ಸಾಕು,” ಎಂದು ತನ್ನ ಹೊಟ್ಟೆ ನೋಡಿಕೊಂಡ.

ನಾನು ಹೊಲಿಗೆ ಬಿಚ್ಚತೊಡಗಿದೆ. ಮನೆಗೆ ಹೋಗಿ ಅಳತೆ ತೆಗೆದು ಹಾಕಿದ ಹೊಲಿಗೆ, ಅದರ ಹಿಂದಿನದು, ಅದರ ಹಿಂದಿನದು. ಬಿಚ್ಚಿದಂತೆಲ್ಲ ಒಳಗಿನಿಂದ ಬಟ್ಟೆ ಬಂತು. ಕಣ್ಣು ಮಂಜಾಗಿ ಎರಡು ಸಲ ಬೆರಳಿಗೆ ಚುಚ್ಚಿಕೊಂಡೆ. ಬರೇ ಕಚ್ಚಾ ಹೊಲಿಗೆ ಹಾಕಿ ಹುಡುಗನಿಗೆ ತೊಡಿಸಿದೆ. ಅವನು ಉಸಿರು ಹಿಡಿದುಕೊಂಡು ಮೊದಲ ಗುಂಡಿ ಹಾಕಿದ. ಕಾಜಿನಲ್ಲಿ ಕೂತಿತು. ಎರಡನೆಯದೂ ಕೂತಿತು. ಉಸಿರು ಬಿಟ್ಟ. ಗುಂಡಿ ಹಾರಲಿಲ್ಲ. ಹಳೆಯ ಮಡಿಕೆಗಳ ಗೆರೆ ಮಾತ್ರ ಬೆನ್ನಿನುದ್ದಕ್ಕೂ ಕಾಣುತ್ತಿತ್ತು.

ಮಗಳು ಮುಖ ತಿರುಗಿಸಿಕೊಂಡಳು. ಮಾಷ್ಟ್ರ ಹೆಂಡತಿ ಆ ಕೋಟನ್ನು ಮೇಲಿಂದ ಕೆಳಗೆ ನೋಡಿದರು, ಹತ್ತಿರ ಬಂದು ಭುಜದ ಮೇಲಿನ ನೂಲೊಂದನ್ನು ತೆಗೆದರು. ಆಮೇಲೆ ನನ್ನ ಕಡೆ ತಿರುಗಿದರು.

“ಮತ್ತೆ ದಪ್ಪ ಆಗ್ತೇನೆ, ಆಗ್ತೇನೆ ಅಂತ ನಮ್ಮವರು ಹೇಳ್ತಾನೇ ಇದ್ರಲ್ಲ,” ಎಂದರು. “ಆಗಿಯೇ ಬಿಟ್ರು ನೋಡಿ!”