ಕುದುರೆ ಲದ್ದಿಗೆ ಗಿರಾಕಿ ಬೇಕಾಗಿದ್ದಾರೆ

ನಮ್ಮ ಪಪ್ಪಾ ಬೆಳಿಗ್ಗೆ ಎದ್ದವರು ಚಹಾ ಕುಡಿಯುವ ಮೊದಲು ಹಿತ್ತಲಿಗೆ ಹೋಗಿ, ಕುದುರೆ ಆಗಷ್ಟೇ ಹಾಕಿದ ಲದ್ದಿಯಲ್ಲಿ ಒಂದು ಉಂಡೆ ಎತ್ತಿ, ಎರಡು ಹೋಳು ಮಾಡಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಬಂಗಾರದ ಅಂಗಡಿಯವರು ಉಂಗುರ ನೋಡಿದ ಹಾಗೆ. ಆಮೇಲೆ ಮೂಸುತ್ತಾರೆ. ಆಮೇಲೆ ಕೈ ತೊಳೆದು ಒಳಗೆ ಬಂದು, ಯಾರೂ ಕೇಳದಿದ್ದರೂ ವರದಿ ಒಪ್ಪಿಸುತ್ತಾರೆ: "ಬಿಜಲಿ ಇವತ್ತ ಆರಾಮ ಅದಾಳ."

ಒಂದು ದಿನ ಮಮ್ಮಿ ಹಣೆಗೆ ಬಟ್ಟೆ ಬಿಗಿದುಕೊಂಡು ಚಹಾ ಸೋಸುತ್ತಿದ್ದಳು. "ನನಗ ಜ್ವರಾ ಬಂದು ಮೂರು ದಿನಾ ಆತು," ಅಂದಳು. "ಈ ಮನ್ಯಾಗ 'ಆರಾಮ ಅದಿಯೇನು' ಅಂತ ಕೇಳಿಸ್ಕೋಬೇಕಂದ್ರ ನಾಕು ಕಾಲು ಇರಬೇಕು."

ಇಂಥವು ನಮ್ಮಲ್ಲಿ ಆಗುತ್ತಲೇ ಇರುತ್ತವೆ. ಬೆಟಗೇರಿಯ ಸಣ್ಣ ಓಣಿಯಲ್ಲಿ, ಅಂಗೈಯಗಲದ ಹಿತ್ತಲಲ್ಲಿ ಕುದುರೆ ಸಾಕಿದವರ ಮನೆಯಲ್ಲಿ ಬೇರೇನು ಆದೀತು? ಬಿಜಲಿ ಮದುವೆ ಮೆರವಣಿಗೆಯ ಕುದುರೆ. ಮದುಮಗನನ್ನು ಹೊರುವ ಸೀಜನ್ ವರ್ಷಕ್ಕೆ ಐದಾರು ತಿಂಗಳು. ಲದ್ದಿಯ ಸೀಜನ್ ಹನ್ನೆರಡು ತಿಂಗಳು.

ಗುಡ್ಡ

ಬಿಜಲಿಯ ತಗಡಿನ ಶೆಡ್ಡು ಅರ್ಧ ನಮ್ಮ ಜಾಗದಲ್ಲಿದೆ, ಇನ್ನರ್ಧ ಬಾಜೂ ಮನೆ ಆಯಿಯ ಜಾಗದಲ್ಲಿ. ಆಯಿಯ ಯಜಮಾನರು ಇದ್ದಾಗ "ಕಟ್ಟಿಕೊಳ್ರಿ, ಪಾಪ, ಮೂಕ ಪ್ರಾಣಿ" ಅಂದಿದ್ದರು. ಈ ಸಲ ದಸರಾ ಮುಗಿದ ಮರುದಿನ ಆಯಿ ಮೂಗಿಗೆ ಸೆರಗು ಹಿಡಿದುಕೊಂಡು ಗೋಡೆಯ ಹತ್ತಿರ ಬಂದರು.

"ದೀಪಾವಳಿ ಪಾಡ್ಯಕ್ಕ ನಮ್ಮ ಹೊಸಾ ಬೀಗರು ಬರ್ತಾರ. ಅಷ್ಟರಾಗ ಈ ಲದ್ದಿ ಗುಡ್ಡಾ ಹೋಗಬೇಕು. ಇಲ್ಲಾಂದ್ರ ನನ್ನ ಜಾಗಾ ಬಿಟ್ಟುಕೊಡ್ರಿ, ಶೆಡ್ಡು ತೆಗೀರಿ."

ಶೆಡ್ಡು ಹೋದರೆ ಬಿಜಲಿಯನ್ನು ಕಟ್ಟಲು ಬೇರೆ ಜಾಗವಿಲ್ಲ. ಮುಂಡರಗಿಯ ಬ್ಯಾಂಡಿನವರೊಬ್ಬರು ಅವಳನ್ನು ಕೊಡಿ ಎಂದು ಎರಡು ವರ್ಷದಿಂದ ಬೆನ್ನು ಹತ್ತಿದ್ದಾರೆ. ಪಪ್ಪಾನ ಮುಖ ಸಣ್ಣದಾಯಿತು. ಆದರೂ ಮೆಲ್ಲಗೆ ಅಂದರು, "ಗುಡ್ಡಾ ಎಲ್ಲೈತ್ರಿ ಆಯಿ? ಸಣ್ಣ ದಿಬ್ಬ ಐತಿ, ಅಷ್ಟ."

ಆಯಿ ತಿರುಗಿಯೂ ನೋಡಲಿಲ್ಲ. "ಕಪ್ಪತಗುಡ್ಡಾನೂ ಮೊದಲು ದಿಬ್ಬಾನ ಇತ್ತು," ಅಂದು ಒಳಗೆ ಹೋದರು.

ಹರ್ತಿಯ ರೈತರು

ದಿಬ್ಬ ಗುಡ್ಡವಾಗಲು ಕಾರಣವಿತ್ತು. ಪ್ರತಿ ಅಮಾವಾಸ್ಯೆಗೆ ಹರ್ತಿಯ ರೈತರೊಬ್ಬರು ಟ್ರ್ಯಾಕ್ಟರ್ ತಂದು ಲದ್ದಿ ತುಂಬಿಕೊಂಡು ಹೋಗುತ್ತಿದ್ದರು. ಮೂರು ಅಮಾವಾಸ್ಯೆಯಿಂದ ಪತ್ತೆಯಿಲ್ಲ. ಪಪ್ಪಾ ಫೋನ್ ಹಚ್ಚಿ, ಕೈಯಲ್ಲಿ ಹುಲ್ಲಿನ ಕಂತೆ ಇದ್ದುದರಿಂದ ಸ್ಪೀಕರ್ ಹಾಕಿದರು. ಹೀಗಾಗಿ ಮನೆಯವರೆಲ್ಲ ಕೇಳಿದೆವು.

"ಯಾಕ್ರೀ ಗೌಡ್ರ, ಈ ಕಡೆ ಬರವಲ್ರಿ?"

"ಹ್ಯಾಂಗ ಬರ್ಲಿರೀ? ನಿಮ್ಮ ಲದ್ದಿ ಹಾಕಿದ ಮ್ಯಾಲ ನನ್ನ ಮೆಣಸಿನಗಿಡದ ಸಾಲಿನಾಗ ಬರೇ ಹುಲ್ಲು. ಕಿತ್ತಷ್ಟೂ ಹುಟ್ಟತೈತಿ. ನಿಮ್ಮ ಕುದುರಿ ಬೀಜಾ ಅರಗಿಸಿಕೊಳ್ಳಂಗs ಇಲ್ಲ. ಅಲ್ಲಿ ತಿಂದದ್ದೆಲ್ಲಾ ಇಲ್ಲಿ ನಾಟಿ ಮಾಡೈತಿ!"

"ಈಗ ಏನ್ ಮಾಡೂದ್ರಿ?"

"ಏನ್ ಮಾಡ್ತೀರಿ? ಲದ್ದಿ ಸಾಕಾತು, ಇನ್ನ ಕುದುರೀನ ಕಳಸ್ರಿ, ಮೇಯಲಿ."

ಅದು ಸಿಟ್ಟಿನ ಮಾತು ಎಂದು ನನಗೂ ಗೊತ್ತಾಯಿತು. ಪಪ್ಪಾ ಮಾತ್ರ ಭಾಳ ಪ್ರೀತಿಯಿಂದ ಕೇಳಿದರು, "ಹೌದ್ರಿ? ಎಷ್ಟು ದಿನಾ ಇಟ್ಕೋತೀರಿ?"

ಹಸಿಯೋ, ಒಣವೋ

ಮರುದಿನದಿಂದ ಬೆಳಗಿನ ಕಸದ ಗಾಡಿಗೆ ದಿನಕ್ಕೊಂದು ಬಕೆಟ್ ದಾಟಿಸುವ ಕೆಲಸ ನನಗೆ ಬಂತು. ಅಪರಿಚಿತರ ಮುಂದೆ ನನಗೆ ಬಾಯಿ ಬರುವುದಿಲ್ಲ. ಹೀಗಾಗಿ ಬಕೆಟ್ ಮೇಲೆ ಮುಚ್ಚಳ ಹಾಕಿ, ತಲೆ ತಗ್ಗಿಸಿ ಹಿಡಿದೆ.

"ಏನ್ ತಂಗಿ, ಹಸಿ ಕಸಾನೋ ಒಣಾ ಕಸಾನೋ?" ಗಾಡಿಯ ಅಣ್ಣ ಕೇಳಿದ.

ಶಾಲೆಯಲ್ಲಿ ಪರಿಸರದ ಪಾಠಕ್ಕೆ ನನಗೆ ಪ್ರತಿವರ್ಷ ಎ ಪ್ಲಸ್. ಆದರೆ ಈ ಪ್ರಶ್ನೆ ಯಾವ ಪೇಪರಿನಲ್ಲೂ ಬಂದಿರಲಿಲ್ಲ. ನಾನು ಸುಮ್ಮನೆ ನಿಂತದ್ದು ನೋಡಿ ಮಮ್ಮಿ ಬಾಗಿಲಿನಿಂದಲೇ ಕೂಗಿದಳು, "ಅಣ್ಣಾ, ಮ್ಯಾಲಿಂದು ಇವತ್ತಿಂದು, ಹಸಿ ಡಬ್ಬಿಗೆ ಹಾಕು. ತಳದಾಗಿಂದು ಮೊನ್ನಿದು, ಒಣಾ ಡಬ್ಬಿಗೆ ಹಾಕು!"

ಅಣ್ಣ ಮುಚ್ಚಳ ತೆಗೆದು ಇಣುಕಿದ. ಮತ್ತೆ ಮುಚ್ಚಿ, ಬಕೆಟ್ಟನ್ನು ನನ್ನ ಕೈಗೇ ಕೊಟ್ಟ.

"ಅಕ್ಕಾರ, ಇದನ್ನ ಬ್ಯಾರೆ ಬ್ಯಾರೆ ಮಾಡೂದು ನಮಗ ಆಗಂಗಿಲ್ರಿ. ಕುದುರಿಗೇ ಟ್ರೇನಿಂಗ್ ಕೊಡ್ರಿ."

ಬಿಸಿ ಗಂಟು

ಬಾಯಿ ಬರದಿದ್ದರೇನು, ಬೆರಳು ಬರುತ್ತವೆ. ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಚಂದದ ಇಂಗ್ಲಿಷಿನಲ್ಲಿ ಒಂದು ಜಾಹೀರಾತು ಬರೆದೆ: ಸಾವಯವ ಗೊಬ್ಬರ, ಮನೆ ಬಾಗಿಲಿಗೆ. ಲಕ್ಷ್ಮೇಶ್ವರದ ಗೆಳತಿಯ ತಂದೆ, ನಿವೃತ್ತ ಗಣಿತ ಮಾಸ್ತರರು, ಟೆರೇಸಿನ ಮೇಲೆ ತೋಟ ಮಾಡಿದ್ದಾರಂತೆ, ಒಂದು ಚೀಲ ಬೇಕೆಂದರು. 'ಮನೆ ಬಾಗಿಲಿಗೆ' ಎಂದು ಬರೆದ ತಪ್ಪಿಗೆ ನಾನೇ ಬಸ್ ಹತ್ತಬೇಕಾಯಿತು.

ವಾಸನೆ ಬರಬಾರದೆಂದು ಪಪ್ಪಾ ನಾಲ್ಕು ಪ್ಲಾಸ್ಟಿಕ್ ಚೀಲ ಒಂದರೊಳಗೊಂದು ಹಾಕಿ, ಮೇಲೆ ಹಳೆ ಧೋತರ ಸುತ್ತಿ ಬಿಗಿಯಾಗಿ ಕಟ್ಟಿದ್ದರು. ಬಸ್ಸು ತುಂಬಿತ್ತು. ಕಾಲ ಬಳಿ ಇಟ್ಟುಕೊಂಡಿದ್ದ ಗಂಟಿನ ಮೇಲೆ ಶಿರಹಟ್ಟಿ ಕಡೆಯ ಅಜ್ಜಾರೊಬ್ಬರು, "ಸ್ವಲ್ಪ ಕುಂಡ್ರತೇನವಾ" ಎಂದು ಕೂತೇಬಿಟ್ಟರು. ರಾಶಿಯಲ್ಲಿ ಕುದಿಯುತ್ತಿದ್ದ ಲದ್ದಿ ಒಳಗೆ ಬಿಸಿಯಾಗಿರುತ್ತದೆ ಎಂದು ಅಜ್ಜಾರಿಗೆ ಹೇಗೆ ಗೊತ್ತಾಗಬೇಕು?

ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು. "ಬೆಚ್ಚಗೈತಲ್ಲವಾ! ಏನಿದು, ಫಂಕ್ಷನ್ನಿಗೆ ರೊಟ್ಟಿ ಒಯ್ಯಾಕತ್ತೀ ಏನು?"

ಇಲ್ಲ ಎನ್ನಬೇಕಿತ್ತು. ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು. "ಹ್ಞೂಂ," ಅಂದೆ.

"ಅಯ್ಯ, ಅನ್ನದ ಮ್ಯಾಲೆ ಕುಂತೆನಲ್ಲ," ಎಂದು ಅಜ್ಜಾರು ಎದ್ದು, ಗಂಟಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು. ಉಳಿದ ದಾರಿಯೆಲ್ಲ ನಿಂತೇ ಬಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಇಳಿಯುವಾಗ ಹೇಳಿದರು, "ತಂಗಿ, ಅಷ್ಟೊತ್ತು ಕುಂತದ್ದಕ್ಕ ನನ್ನ ಸೊಂಟಾ ಹಗರ ಆತು ನೋಡು. ನಿಮ್ಮವ್ವನ ಕೈಗುಣಾ ದೊಡ್ಡದು!"

ಮಾಸ್ತರರ ತೋಟದಲ್ಲಿ ಇದ್ದದ್ದು ಒಟ್ಟು ಆರು ಕುಂಡ. ಒಂದು ಚೀಲ ಅವರಿಗೆ ವರ್ಷಕ್ಕಾಯಿತು. ಆದರೆ ಒಂದು ಉಪಾಯ ಹೇಳಿ ಕಳಿಸಿದರು: ಲದ್ದಿಯನ್ನು ನೀರಿನಲ್ಲಿ ನೆನೆಸಿ, ಕೈಯಿಂದ ಕಿವುಚಿ ಹಾಕಿದರೆ ಬೇಗ ಮಣ್ಣಾಗುತ್ತದೆ. ಅಂದಿನಿಂದ ಪಪ್ಪಾ ದಿನಾ ನೀಲಿ ಬಕೆಟ್ಟಿನಲ್ಲಿ ಲದ್ದಿ ಕಿವುಚತೊಡಗಿದರು.

ಐದು ಮಂದಿ

ಪಾಡ್ಯ ಬಂದೇ ಬಂತು. ಗುಡ್ಡ ಅರ್ಧ ಕೂಡ ಇಳಿದಿರಲಿಲ್ಲ. ಪಪ್ಪಾ ಅದರ ಮೇಲೆ ತಾಡಪತ್ರಿ ಹೊದಿಸಿ, ಅದೂ ಸಾಲದೆಂದು ಮೆರವಣಿಗೆಯಲ್ಲಿ ಬಿಜಲಿಯ ಬೆನ್ನಿಗೆ ಹೊದಿಸುವ ಜರಿಯಂಚಿನ ಜೂಲು ಹಾಸಿದರು. ನೋಡಿದವರಿಗೆ ಹಿತ್ತಲಲ್ಲಿ ಯಾರದೋ ಮದುವೆ ಇದೆ ಅನಿಸಬೇಕು.

ಪಾಡ್ಯದ ದಿನ ಸೆಗಣಿಯಲ್ಲಿ ಪಾಂಡವರನ್ನು ಮಾಡಿ, ಬಾಗಿಲ ಬದಿಗೆ ಕೂರಿಸಿ, ತಲೆಗೆ ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ಪದ್ಧತಿ ಉಳಿದಿದೆ, ಓಣಿಯಲ್ಲಿ ಆಕಳು ಉಳಿದಿಲ್ಲ. ಮಮ್ಮಿ ಹಿಂದಿನ ದಿನವೇ ಡೇರಿಯವರ ಕಡೆಯಿಂದ ನಮಗೊಂದಿಷ್ಟು, ಆಯಿಗೊಂದಿಷ್ಟು ಸೆಗಣಿ ತರಿಸಿ, ಹಿತ್ತಲಲ್ಲಿ ಇಟ್ಟಿದ್ದಳು. ಅದೂ ನೀಲಿ ಬಕೆಟ್ಟೇ. ಬೆಳಿಗ್ಗೆ ಅವಳು ತಲೆ ತೊಳೆದುಕೊಳ್ಳುತ್ತಿದ್ದಾಗ ಆಯಿ ಕೂಗಿದರು. ನಾನು ಒಂದು ಬಕೆಟ್ ಎತ್ತಿ ಗೋಡೆಯ ಆಚೆ ದಾಟಿಸಿದೆ.

ಆಯಿಗೆ ಕಣ್ಣಿನ ಆಪರೇಶನ್ ಆಗಿ ಕಪ್ಪು ಕನ್ನಡಕ. ಅವರು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ಹೊಸ ಸೊಸೆ ಕಟ್ಟೆಯ ಮೇಲೆ ಮಾಡುತ್ತಿದ್ದಳು.

"ಅತ್ತೀ, ಇದು ನಿಲ್ಲವಲ್ದು. ಉದುರಾಕತ್ತೈತಿ."

"ಉದುರಾಕತ್ತೈತಿ ಅಂದ್ರ? ನಿಮ್ಮ ಶಿರಹಟ್ಯಾಗ ಪಾಂಡವರನ್ನ ಮಾಡಂಗಿಲ್ಲೇನು? ಕೈಯಾಗ ಕಸುವು ಹಾಕು!"

"ಹಾಕೀನ್ರಿ. ಧರ್ಮರಾಯ ಎರಡು ಸಲ ಬಿದ್ದ, ಭೀಮನ ತಲಿ ಉಳ್ಳಿ ಮೋರಿಗೆ ಹೋತು."

ಇದನ್ನು ನಗುತ್ತಾ ಕೇಳುತ್ತಿದ್ದೆ. ಅಷ್ಟರಲ್ಲಿ ಮಮ್ಮಿ ಹಿತ್ತಲಿಗೆ ಬಂದು ಉಳಿದ ಬಕೆಟ್ ನೋಡಿದಳು. "ಸೆಗಣಿ ಎಲ್ಲಾ ಇಲ್ಲೇ ಐತಲ್ಲ. ಮತ್ತ ಆಯಿಗೆ ಏನ್ ಕೊಟ್ಟಿ?"

ನನ್ನ ನಗು ನಿಂತಿತು.

"ಹೋಗಿ ಹೇಳಿ ಬಾ," ಅಂದಳು ಮಮ್ಮಿ. "ಹಬ್ಬದ ದಿನಾ ಹೇಳಿದ್ರ ಶೆಡ್ಡು ಇವತ್ತs ಹೋಗತೈತಿ," ಅಂದರು ಪಪ್ಪಾ. ನಾನು ಗೇಟಿನವರೆಗೆ ಹೋದೆ. ಹೇಳಬೇಕಾದದ್ದು ತಲೆಯಲ್ಲಿ ಮೊದಲು ಇಂಗ್ಲಿಷಿನಲ್ಲಿ ತಯಾರಾಯಿತು, ಬಹಳ ಸಭ್ಯವಾಗಿ. ಅದನ್ನು ಕನ್ನಡಕ್ಕೆ ತರುವುದರೊಳಗೆ ಆ ಸೊಸೆ ಒಂದಷ್ಟು ಕೆಮ್ಮಣ್ಣು, ಎರಡು ಹಿಡಿ ಗೋಧಿಹಿಟ್ಟು ಕಲಸಿ ಹಾಕಿ, ಐವರನ್ನೂ ನಿಲ್ಲಿಸಿ, ಕುಂಕುಮ ಹಚ್ಚಿಬಿಟ್ಟಿದ್ದಳು. ವಾಪಸ್ ಬಂದೆ.

ಮಧ್ಯಾಹ್ನ ಬೀಗರು ಬಂದರು. ಊಟವಾದ ಮೇಲೆ ಆಯಿ ಗೋಡೆಯ ಹತ್ತಿರ ಬಂದು ನನ್ನನ್ನೇ ಕರೆದರು. ಹಿಂದೆ ಬೀಗತಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಪಪ್ಪಾ ಶೆಡ್ಡಿನ ಕಂಬ ಹಿಡಿದುಕೊಂಡರು.

"ಏನವಾ ತಂಗಿ, ಯಾವ ಆಕಳ ಸೆಗಣಿ ಅದು? ನಮ್ಮ ಬೀಗತಿ ಒಂದs ಸಮ ಕೇಳಾಕತ್ತಾಳ. ವಾಸನಿ ಇಲ್ಲ, ನೊಣಾ ಇಲ್ಲ, ಐದೂ ಮಂದಿ ಮೂರ್ತಿ ಕೆತ್ತಿದಂಗ ಕುಂತಾರ. ಇಂಥಾ ಪ್ರಾಣಿ ಮನ್ಯಾಗ ಇದ್ರ ಲಕ್ಷ್ಮಿ ಇದ್ದಂಗ."

ಮಮ್ಮಿ ಪಪ್ಪಾನನ್ನು ನೋಡಿದಳು. ಪಪ್ಪಾ ನನ್ನನ್ನು ನೋಡಿದರು.

"ನಿಮ್ಮಪ್ಪಗ ಹೇಳು, ಶೆಡ್ಡು ತೆಗಿಯೂದು ಬ್ಯಾಡ. ಈ ಕುದುರೀನ ಆ ಮುಂಡರಗಿ ಬ್ಯಾಂಡಿನವರಿಗೆ ಕೊಟ್ಟು, ಅದರ ಜಾಗಾದಾಗ ಆ ಆಕಳಾ ತಂದು ಕಟ್ಟಲಿ. ಅದು ಹಾಕಿದ್ದೆಲ್ಲಾ ನನಗs ಬೇಕು, ಒಂದು ಬುಟ್ಟೀನೂ ಬ್ಯಾರೆಯವರಿಗೆ ಕೊಡಬ್ಯಾಡ್ರಿ. ಈಗ ಬೀಗರು ಹೋಗೂದ್ರಾಗ ಅದನ್ನ ಒಮ್ಮೆ ಇಲ್ಲಿಗೆ ಹಿಡ್ಕೊಂಡು ಬಾ, ಅರಿಶಿಣ ಕುಂಕುಮ ಹಚ್ಚಿ ಆರತಿ ಮಾಡ್ತೀವಿ. ಜಲ್ದಿ ಹೋಗವಾ, ನಮ್ಮವ್ವ ಅಲ್ಲೇನು!"